ಅಪ್ಪನ ಕ್ಯಾಪ್ಟನ್

ಲಾ ಪಾಸ್, ಮಂಗಳವಾರ

ಪ್ರೀತಿಯ ಅಪ್ಪನಿಗೆ,

ತಂಗಿ ಬಸಿಲಿಯಾಗೆ ಗಂಡುಮಗು ಹುಟ್ಟಿದೆ. ಇಲ್ಲಿನ ಆಸ್ಪತ್ರೆಯಲ್ಲಿ ಇಬ್ಬರೂ ಕ್ಷೇಮ. ಅವಳನ್ನು ಇಲ್ಲಿಗೆ ಕರೆತಂದವರು ಯಾರೆಂದು ತಿಳಿದ ಕೂಡಲೇ ಕಾಗದ ಹರಿದುಹಾಕಬೇಡಿ.

ಭಾನುವಾರ ನಾನೂ ತಂಗಿಯೂ ಇರುವ ಊರಿನ ಸೇತುವೆಯ ಉದ್ಘಾಟನೆಗೆ ದೇಶದ ಅಧ್ಯಕ್ಷರು ಬಂದಿದ್ದರು. ವಾಯುಪಡೆ ಬಿಟ್ಟು ಇಷ್ಟು ವರ್ಷವಾದರೂ ಪುಟ್ಟ ವಿಮಾನವನ್ನು ತಾವೇ ಹಾರಿಸಿಕೊಂಡು ಬಂದಿದ್ದರು. ಆ ಹೊತ್ತಿಗೇ ತುಂಬು ಬಸುರಿ ತಂಗಿಗೆ ರಕ್ತ ಹೋಗತೊಡಗಿತು. ಇಲ್ಲಿನ ಆಸ್ಪತ್ರೆಗೆ ಜೀಪಿನಲ್ಲಿ ಎಂಟು ಗಂಟೆಯ ದಾರಿ. ಅಷ್ಟು ಹೊತ್ತು ಅವಳು ಉಳಿಯುವುದಿಲ್ಲವೆಂದು ನರ್ಸ್ ಆದ ನನಗೆ ಗೊತ್ತಿತ್ತು. ನೇರವಾಗಿ ವೇದಿಕೆ ಹತ್ತಿ ಬೇಡಿಕೊಂಡೆ.

“ಭಾಷಣ ಇನ್ನೊಂದಿನ ಮಾಡ್ತೀನಿ. ನಡಿಯಮ್ಮ, ಅವಳನ್ನ ಹತ್ತಿಸು,” ಎಂದವರು ತಮ್ಮ ಕೋಟು ಬಿಚ್ಚಿ ಅವಳಿಗೆ ಹೊದಿಸಿದರು.

ಮೋಡದೊಳಗಿಂದ ಹಿಮದ ಬೆಟ್ಟ ರೆಕ್ಕೆಗೆ ತಾಗುವಷ್ಟು ಹತ್ತಿರ ಬಂತು. ನಾನು ತಂಗಿಯನ್ನು ತಬ್ಬಿ ಹಿಡಿದೆ. ಅವರ ಕೈ ಮಾತ್ರ ತೊಟ್ಟಿಲು ತೂಗುವಷ್ಟು ನಿಧಾನವಾಗಿ ಆಡುತ್ತಿತ್ತು. ಇಂಥ ಕೈಯನ್ನು ನಾನು ಕಂಡಿಲ್ಲ ಅಪ್ಪ.

ಇಳಿದ ಮೇಲೆ ನನ್ನ ಹೆಸರು ಕೇಳಿದರು.

“ಎವುಲಾಲಿಯಾ. ನಿಮ್ಮ ಮೆಕ್ಯಾನಿಕ್ ಆಗಿದ್ದ ಸೆವೆರಿನೋ ಕೊಂಡೋರಿ ಮಗಳು,” ಎಂದೆ.

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದರು.

“ಇಂಜಿನ್ ಸರಿಯಿಲ್ಲ, ಹಾರಬೇಡಿ ಕ್ಯಾಪ್ಟನ್ ಅಂತ ಅವತ್ತು ನಿಮ್ಮಪ್ಪ ಬಡ್ಕೊಂಡ್ರು. ಕೇಳದೆ ಹಾರಿಸಿ ಬೀಳಿಸ್ದೋನು ನಾನು. ತಪ್ಪು ಅವರ ತಲೆಗೆ ಬಂತು, ಕೆಲಸ ಹೋಗಿದ್ದೂ ಅವರ್ದೇ. ನಿಜ ಹೇಳೋ ಧೈರ್ಯ ನನಗಿರ್ಲಿಲ್ಲ.”

ಆಮೇಲೆ ಆಸ್ಪತ್ರೆಯ ಬಾಗಿಲಲ್ಲಿ ಮುತ್ತಿಕೊಂಡ ಪತ್ರಕರ್ತರ ಮುಂದೆಯೂ, ನಿಮ್ಮ ಹೆಸರೆತ್ತಿ, ಅದನ್ನೇ ಹೇಳಿದರು.

ಗುರುವಾರ ನಿಮ್ಮನ್ನು ಕಾಣಲು ಒಬ್ಬರೇ ಬರುತ್ತಾರಂತೆ. ಬಾಗಿಲು ತೆರೆಯಿರೆಂದು ಹೇಳುವುದು ನನ್ನಿಂದಾಗದು. ಗಡ್ಡವನ್ನಾದರೂ ಬೋಳಿಸಿಕೊಂಡಿರಿ. ನಾನು ಕಳಿಸಿದ ಬಿಳಿ ಅಂಗಿ ಇನ್ನೂ ಪೆಟ್ಟಿಗೆಯಲ್ಲೇ ಇದ್ದರೆ, ಅದನ್ನು ಹಾಕಿಕೊಳ್ಳಿ.

ನಿಮ್ಮ ಮಗಳು,
ಎವುಲಾಲಿಯಾ