ಸಂಜೆಯ ತಾಲೀಮಿನಲ್ಲಿ ಪೊಲೀಸ್ ನಾನು

ಮಾರ್ಚ್ ೧೨, ಮಂಗಳವಾರ

ಅಂಗೈ ಇನ್ನೂ ಉರಿಯುತ್ತಿದೆ.

ನಾಳೆ ಗಾರ್ಮೆಂಟ್ ಗೇಟಿನೆದುರು ಧರಣಿ. ಹೊಡೆದರೂ ಕೈ ಎತ್ತಬಾರದೆಂದು ಸಂಜೆ ಸಂಘದ ಕೋಣೆಯಲ್ಲಿ ಎಲ್ಲರಿಗೂ ತಾಲೀಮು ಕೊಟ್ಟೆ. ಪೊಲೀಸ್ ಪಾತ್ರ ನನ್ನದು; ಸುತ್ತಿದ ಪತ್ರಿಕೆಯೇ ಲಾಠಿ. ನೆಲದಲ್ಲಿ ಕೂತಿದ್ದ ಟೈಲರ್ ಅಕ್ಕನಿಗೆ "ಏಳೇ ಮೇಲೆ!" ಎಂದು ಗದರಿದೆ.

"ಇನ್ನೂ ಜೋರಾಗಿ ಕೂಗಿ ಸಾಹೇಬ್ರೇ, ಮೀಸೆ ಅಲ್ಲಾಡ್ಲಿ!" ಎಂದು ಅಕ್ಕ ಕೆಣಕಿದಳು.

ಎಲ್ಲರೂ ಗೊಳ್ಳೆಂದು ನಕ್ಕರು. ಪತ್ರಿಕೆ ಯಾವಾಗ ಕೈಜಾರಿತೋ ತಿಳಿಯದು. ಅವಳ ಕೆನ್ನೆಗೆ ಬಾರಿಸಿಬಿಟ್ಟಿದ್ದೆ, ನಿಜವಾಗಿಯೇ.

ಹದಿನೈದು ವರ್ಷ ಅಹಿಂಸೆ ಎಂದು ಗಂಟಲು ಹರಿದುಕೊಂಡವನು ನಾನು! ಥೂ. ಒಳಗೊಂದು ಲಾಠಿ ಬಚ್ಚಿಟ್ಟುಕೊಂಡೇ ಪಾಠ ಹೇಳುತ್ತಿದ್ದೆನೇ?

ಅವಳು ಕೈ ಎತ್ತಲಿಲ್ಲ. ಕೆನ್ನೆ ಸವರಿಕೊಂಡು ಹೇಳಿದಳು: "ನಾನು ಪಾಸಾದೆ ಕಣೋ ತಮ್ಮಾ. ನಾಳೆ ನನ್ನ ಪಕ್ಕದಲ್ಲೇ ಕೂತ್ಕೋ. ನಿನ್ನ ಕೈ ನಾನು ಹಿಡ್ಕೋತೀನಿ."

ಹೇಗೆ ಕೂರಲಿ? ನಾನು ಹೊಡೆದ ಆ ಕೆನ್ನೆ ನನ್ನ ಕಡೆಗೇ ಇರುತ್ತದಲ್ಲ...