ಎಡಗಾಲಿನ ಬೂಟು ಸವೆದದ್ದು

ಬುಧವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಮರಿ ನಿನ್ನ ಮನೆಯಲ್ಲಿ ಹಠ ಮಾಡದೆ ಉಣ್ಣುತ್ತಿದ್ದಾನೆಂದು ಭಾವ ಫೋನಿನಲ್ಲಿ ಹೇಳಿದರು. ನಂಬಿದೆ ಅಂತಿಟ್ಟುಕೋ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಹಠ ಮಾಡದೆ ಉಂಡ ಅಂದರೆ ಭಾವ ಏನೋ ಮುಚ್ಚಿಡುತ್ತಿದ್ದಾರೆ. ಇರಲಿ. ಫೋನಿನಲ್ಲಿ ಆಡಲಾಗದ ಮಾತೊಂದಿದೆ, ಅದಕ್ಕೇ ಈ ಪತ್ರ. ಇಲ್ಲಿ ಫೋನ್ ಹಿಡಿದರೆ ವಾರ್ಡಿನ ತಾಯಂದಿರೆಲ್ಲರ ಕಿವಿಯೂ ನನ್ನ ಕಡೆಗೇ ತಿರುಗುತ್ತದೆ. ಮಗಳು ಪುಟ್ಟಕ್ಕನ ಕಿವಿಯಂತೂ ಎಲ್ಲರಿಗಿಂತ ಮೊದಲು.

ನೀನು ಹುಡುಕಿಕೊಟ್ಟ ಈ ಕೇಂದ್ರದಲ್ಲಿ ಏನೋ ಸರಿಯಿಲ್ಲ ಅಕ್ಕ. ಕಾಲಿನಲ್ಲಿ ಶಕ್ತಿಯಿಲ್ಲದ ಮಕ್ಕಳಿಗೆ ನಡೆಯಲು ಕಲಿಸುತ್ತಾರೆ, ಗೋಡೆಗೆಲ್ಲ ಹೊಸ ಬಣ್ಣ, ಎಲ್ಲರ ಮಾತೂ ಮೆತ್ತಗೆ, ಎಲ್ಲ ನಿಜ. ಆದರೆ ಥೆರಪಿ ಕೋಣೆಯ ಬಾಗಿಲು ಹಾಕಿದರೆಂದರೆ ತಾಯಂದಿರು ಹೊರಗೆ. ಅಮ್ಮನ ಮುಖ ಕಂಡರೆ ಮಕ್ಕಳು ಮೈಗಳ್ಳರಾಗುತ್ತಾರಂತೆ. ಹೆತ್ತವಳು ನೋಡಬಾರದಂಥದ್ದು ಒಳಗೇನು ನಡೆಯುತ್ತದೆ, ನೀನೇ ಹೇಳು. ಪುಟ್ಟಕ್ಕ ಹೊರಬರುವಾಗ ಮೈಯೆಲ್ಲ ಬೆವರು, ಮುಖ ಕೆಂಪು. ಏನು ಮಾಡಿಸಿದರು ಎಂದು ಕೇಳಿದರೆ ಬಾಯಿಗೆ ಬೀಗ. ಏನಿಲ್ಲಮ್ಮ, ಎತ್ಕೋ ಅಂತ ಎರಡೂ ಕೈ ಚಾಚುತ್ತಾಳೆ. ಏಳು ವರ್ಷದವಳನ್ನು, ಕಾಲಿಗೆ ಕಟ್ಟಿದ ಕಬ್ಬಿಣದ ಕ್ಯಾಲಿಪರ್ ಸಮೇತ ಎತ್ತಿ ಎತ್ತಿ ನನ್ನ ಸೊಂಟ ಬಿದ್ದುಹೋಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ಆ ಕ್ಯಾಲಿಪರಿಗೆ ಸೇರಿಸಿದ ಬೂಟು ಇದೆಯಲ್ಲ, ಇಲ್ಲಿಗೆ ಬಂದ ಮೇಲೆ ಅವಳ ಕಾಲಿನ ಅಳತೆ ಕೊಟ್ಟೇ ಮಾಡಿಸಿದ್ದು. ನಿನ್ನೆ ಅದನ್ನು ಒರೆಸುತ್ತ ಕೂತಾಗ ನೋಡಿದೆ. ಎಡಗಾಲಿನದರ ಮೂತಿ ಸವೆದು ಒಳಗಿನ ಬಟ್ಟೆ ಕಾಣುತ್ತಿದೆ. ನಿಲ್ಲಿಸಿದರೆ ನೆನೆದ ಬಟ್ಟೆಯ ಹಾಗೆ ಕುಸಿಯುವ ಮಗುವಿನ ಬೂಟು ಸವೆಯುವುದು ಹೇಗೆ? ನನ್ನ ಕಣ್ಣೆದುರು ಅವಳು ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ನನಗನ್ನಿಸುವುದು ಇಷ್ಟೇ: ನಮ್ಮ ಮಗುವಿನ ಬೂಟನ್ನು ಒಳಗೆ ಬೇರೆ ಯಾವುದೋ ಮಗುವಿಗೆ ಹಾಕಿ ನಡೆಸುತ್ತಿದ್ದಾರೆ, ನಮ್ಮವಳನ್ನು ಮೂಲೆಯಲ್ಲಿ ಕೂಡಿಸಿ ಅಳಿಸುತ್ತಿದ್ದಾರೆ.

ಥೆರಪಿ ಮಾಡಿಸುವ ಮೇಡಂ ಅವರನ್ನೇ ಕೇಳಿದೆ. ಈ ಬೂಟು ಯಾರು ಹಾಕ್ಕೊಳ್ತಾರೆ ಮೇಡಂ ಅಂದೆ. ಅವರು ನನ್ನನ್ನು ನೋಡಲಿಲ್ಲ, ಪುಟ್ಟಕ್ಕನನ್ನು ನೋಡಿದರು. ಪುಟ್ಟಕ್ಕ ನೆಲ ನೋಡಿದಳು. ಮಕ್ಕಳ ಬೂಟಲ್ವಾ, ಸವೀತವೆ ಅಂತ ಹೇಳಿ ಮೇಡಂ ಸರಸರ ಹೊರಟೇಹೋದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡಂತಾಯಿತು. ಮಗುವನ್ನು ಚೆನ್ನಾಗಿ ಹೆದರಿಸಿಟ್ಟಿದ್ದಾರೆ. ನನಗೆ ಆಗಿನಿಂದ ಅನ್ನ ಸೇರುತ್ತಿಲ್ಲ.

ಶನಿವಾರ ಇವಳನ್ನು ಕರೆದುಕೊಂಡು ಹೊರಟು ಬಂದುಬಿಡುತ್ತೇನೆ. ಅದಕ್ಕೂ ಮೊದಲು ಆ ಬಾಗಿಲ ಸಂದಿಯಲ್ಲಿ ಒಂದು ಸಲ ನೋಡಿಯೇ ತೀರುತ್ತೇನೆ. ನೋಡಿದ ಮೇಲೆ ಪತ್ರ ಮುಗಿಸುತ್ತೇನೆ.

ಶುಕ್ರವಾರ

ಅಕ್ಕ, ನೋಡಿದೆ.

ನೀರಿನ ಬಾಟಲಿ ಕೊಡುವ ನೆಪದಲ್ಲಿ ಹೋಗಿ ಬಾಗಿಲನ್ನು ಕೊಂಚ ಸರಿಸಿದೆ. ಮಕ್ಕಳು ಹಿಡಿದು ನಡೆಯಲೆಂದು ಕೋಣೆಯ ನಡುವೆ ಎರಡು ಕಂಬಿಗಳಿವೆ. ನಮ್ಮ ಪುಟ್ಟಕ್ಕನಿಗೆ ಆ ಕಂಬಿಗಳೂ ಬೇಕಿರಲಿಲ್ಲ. ವಾಕರ್ ತಳ್ಳಿಕೊಂಡು, ಎಡಗಾಲಿನ ತುದಿಯನ್ನು ನೆಲಕ್ಕೆ ಉಜ್ಜುತ್ತ, ಕೋಣೆಯ ಉದ್ದಕ್ಕೂ ನಡೆಯುತ್ತಿದ್ದಳು. ದಾರಿ ಬಿಡೋ ಅಂತ ತನಗಿಂತ ದೊಡ್ಡವನೊಬ್ಬನಿಗೆ ಗದರಿದಳು. ಗೋಡೆ ಮುಟ್ಟಿ, ತಿರುಗಿ, ಮತ್ತೆ ನಡೆದಳು. ಮೇಡಂ ದೂರದಲ್ಲಿ ಕೈಕಟ್ಟಿ ನಿಂತಿದ್ದರು.

ಸಂತೋಷ ಆಗಬೇಕಿತ್ತಲ್ಲವೇ? ನನಗೆ ಮೊದಲು ಬಂದದ್ದು ಸಿಟ್ಟು. ಸದ್ದಿಲ್ಲದೆ ಬಾಗಿಲು ಹಾಕಿ ಬಂದು ಬೆಂಚಿನ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಆಯಾ ಅವಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಳು. ಅಮ್ಮ, ಎತ್ಕೋ ಅಂತ ಅದೇ ರಾಗ. ಎತ್ತಿಕೊಂಡೆ. ಏನೂ ಅರಿಯದವಳ ಹಾಗೆ ನನ್ನ ಹೆಗಲ ಮೇಲೆ ಮುಖವಿಟ್ಟಳು, ಕಳ್ಳಿ.

ಮೇಡಂ ಅವರನ್ನು ಊಟದ ಹೊತ್ತಿನಲ್ಲಿ ಹಿಡಿದು ನಿಲ್ಲಿಸಿದೆ. ತಿಂಗಳಿಂದ ನಡೀತಿದ್ದಾಳೆ, ಅಮ್ಮನಿಗೆ ನಾನೇ ತೋರಿಸ್ತೀನಿ, ನೀವು ಹೇಳಬೇಡಿ ಅಂತ ಮಾತು ತಗೊಂಡಿದ್ದಾಳೆ, ಇವತ್ತು ತೋರಿಸ್ತಾಳೆ ನಾಳೆ ತೋರಿಸ್ತಾಳೆ ಅಂತ ನಾನೂ ಸುಮ್ಮನಿದ್ದೆ ಅಂದರು. ಆದರೆ ಒಳಗೆ ನಡೆದು ಹೊರಗೆ ನಿಮ್ಮ ಹೆಗಲೇರಿದರೆ ಆಗಲ್ಲ, ದಿನವಿಡೀ ನಡೀಬೇಕು, ಇಲ್ಲದಿದ್ರೆ ಮಂಡಿ ಮತ್ತೆ ಬಿಗಿದುಕೊಳ್ಳುತ್ತೆ ಅಂತಲೂ ಎಚ್ಚರಿಸಿದರು. ಅವರ ಮೇಲಿನ ಅನುಮಾನ ನನಗೆ ಪೂರ್ತಿ ಹೋಗಿಲ್ಲ. ತಾಯಿಯಿಂದ ತಿಂಗಳಿಡೀ ಮುಚ್ಚಿಟ್ಟವರು ಇನ್ನೇನು ಮುಚ್ಚಿಟ್ಟಿದ್ದಾರೋ. ಬೂಟಿನ ವಿಷಯದಲ್ಲಿ ಮಾತ್ರ ನನ್ನದೇ ತಪ್ಪು, ಒಪ್ಪಿಕೊಂಡೆ.

ಆದರೆ ಮಗು ಯಾಕೆ ಮುಚ್ಚಿಟ್ಟಳು? ಪಕ್ಕದ ಖಾಲಿ ಮಂಚ ನೋಡಿದಾಗ ಹೊಳೆಯಿತು. ಇಲ್ಲಿಯ ಪದ್ಧತಿ ನಿನಗೆ ಗೊತ್ತಿದೆಯೋ ಇಲ್ಲವೋ. ಮಗುವಿಗೆ ನಡೆಯಲು ಬರುವವರೆಗೆ ತಾಯಿ ಜೊತೆಗಿರಬೇಕು. ಬಂತೆಂದು ಆಫೀಸಿಗೆ ತಿಳಿಯಿತೋ, ಮಗು ಮಹಡಿಯ ಮೇಲಿನ ಹಾಸ್ಟೆಲಿಗೆ, ತಾಯಿ ಮನೆಗೆ. ಆ ಮಂಚದ ಹುಡುಗಿ ಹೋದ ತಿಂಗಳು ಎಲ್ಲರೆದುರು ನಡೆದು ತೋರಿಸಿದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮರುದಿನ ಅವಳಮ್ಮ ಚೀಲ ಹೆಗಲಿಗೇರಿಸಿ ಹೊರಟರು. ಹುಡುಗಿ ಮೆಟ್ಟಿಲ ಮೇಲೆ ಕೂತು ಅತ್ತದ್ದು ಇಡೀ ಕಟ್ಟಡಕ್ಕೆ ಕೇಳಿಸಿತು. ಇತ್ತ ನಾನು ಫೋನಿನಲ್ಲಿ ನಿನಗೆ ದಿನಾ ಏನು ಹೇಳುತ್ತೇನೆ ನೆನಪಿಸಿಕೋ. ಇವಳು ನಡೆದ ದಿನವೇ ಓಡಿಬಂದು ಮರೀನ ಎತ್ಕೊಳ್ತೀನಿ ಅಂತ. ಪಕ್ಕದಲ್ಲೇ ಮಲಗಿ ಕೇಳಿಸಿಕೊಂಡವಳು ಇನ್ನೇನು ಮಾಡಬೇಕಿತ್ತು?

ಭಾನುವಾರ

ನಿನ್ನೆ ಹೊರಡಲಿಲ್ಲ, ಪತ್ರವನ್ನೂ ಹಾಕಲಿಲ್ಲ. ಇವತ್ತು ಅವಳನ್ನು ಹಿಂದಿನ ವರಾಂಡಕ್ಕೆ ಎತ್ತಿಕೊಂಡು ಹೋಗಿ, ವಾಕರ್ ಮುಂದಿಟ್ಟು ಇಳಿಸಿದೆ. ನೀನು ನಡೆಯೋದು ನೋಡಿದೀನಿ ಅಂದೆ. ಇಲ್ಲ ಅಂದಳು. ಬಾಗಿಲ ಸಂದೀಲಿ ನೋಡಿದೆ ಅಂದೆ. ಅದು ಬೇರೆ ಹುಡುಗಿ ಅಂದಳು. ನಗುವೂ ಬಂತು, ಅಳುವೂ ಬಂತು. ಇನ್ಮೇಲೆ ನಿನ್ನ ಎತ್ಕೊಳ್ಳಲ್ಲ ಪುಟ್ಟಕ್ಕ, ನಿನ್ನ ಕಾಲಿಗೆ ಒಳ್ಳೇದಲ್ಲ ಅಂದೆ. ಹಾಗಾದ್ರೆ ಹೋಗು, ನಿನ್ನ ಮರಿ ಹತ್ರಾನೇ ಹೋಗು ಅಂದಳು.

ಬಾ ಎಂದು ಎರಡೂ ಕೈ ಚಾಚಿ ಕೂತೆ. ಅವಳು ಹುಟ್ಟಿದಂದಿನಿಂದ ನಾನು ಕಂಡ ಕನಸು ಅದೊಂದೇ ಅಕ್ಕ, ಅವಳು ನಡೆದು ಬಂದು ನನ್ನ ತೋಳಿಗೆ ಬೀಳುವುದು. ಅವಳು ವಾಕರನ್ನು ತಿರುಗಿಸಿದಳು. ನನಗೆ ಬೆನ್ನು ಹಾಕಿ ವರಾಂಡದ ಆ ತುದಿಯವರೆಗೆ ನಡೆದುಹೋದಳು. ಬೀಳಲಿಲ್ಲ. ತಿರುಗಿ ನೋಡಲೂ ಇಲ್ಲ.

ಮರಿಗೆ ನನ್ನ ಮುತ್ತು.

ನಿನ್ನ ತಂಗಿ

ಹೇಳದೆ ಉಳಿದದ್ದು: ಸಂಜೆ ಮೇಡಂ ಸಿಕ್ಕಿ, ನಿಮ್ಮ ಮುಂದೆ ನಡೆದಳಾ, ನಾಳೆ ಆಫೀಸಿಗೆ ತಿಳಿಸಲಾ ಎಂದು ಕೇಳಿದರು. ಇಲ್ಲ ಮೇಡಂ, ನನ್ನ ಮುಂದೆ ಇನ್ನೂ ಒಂದು ಹೆಜ್ಜೇನೂ ಇಟ್ಟಿಲ್ಲ ಅಂದೆ. ಹಿಂದಿನ ವರಾಂಡಕ್ಕೆ ಆಫೀಸಿನ ಕಿಟಕಿಯಿಲ್ಲ, ದಿನವಿಡೀ ಅಲ್ಲೇ ನಡೆಸುತ್ತೇನೆ. ಫೋನಿನಲ್ಲಿ ನೀನು ಕೇಳಿದರೂ ನಾನು ಅದನ್ನೇ ಹೇಳುವವಳು. ನಂಬಿದವಳ ಹಾಗೆ ಹೂಂ ಅನ್ನು.