ಮಡಕೆಯೊಳಗಿನ ತಾಯಿ

ಬಲ್ಮಠ, ೧೯೩೮

ಅಪ್ಪಾ,

ಇವತ್ತು ನಮ್ಮ ಶಾಲೆಗೆ ಹೊಸ ಪಾಠಪುಸ್ತಕ ಬಂತು. ಜೇನುಗೂಡಿನ ಆ ದೊಡ್ಡ ನೊಣ ಹೆಣ್ಣು, ಮೊಟ್ಟೆ ಇಡುವುದು ಅದೇ ಎಂದು ಅದರಲ್ಲಿ ಅಚ್ಚಾಗಿದೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಕುಲಶೇಖರದ ಮನೆಯ ಜಗಲಿಯಲ್ಲಿ ಜೇನು ಸಾಕಿದ್ದ ಮಡಕೆ ತೆರೆದು ನೀವು ತೋರಿಸಿದ್ದಿರಿ: "ಇದು ತಾಯಿ, ಮಗಾ."

"ಅಲ್ಲ, ಅದು ರಾಜ. ನಿಮಗೆ ಎಂತ ಗೊತ್ತುಂಟು?" ಎಂದು ನಾನು ಆಗಿನ ಪುಸ್ತಕವನ್ನು ನಿಮ್ಮ ಮುಖಕ್ಕೆ ಹಿಡಿದಿದ್ದೆ. ಎಂಥ ಜಂಬ ನನ್ನದು! ಓದಲು ಬಾರದ ನೀವು ಆ ಅಕ್ಷರಗಳನ್ನೇ ನೋಡಿ, "ಪುಸ್ತಕದಲ್ಲಿ ಉಂಟಲ್ಲ, ಹಾಗಾದರೆ ಸರಿಯೇ" ಎಂದಿರಿ. ಆಮೇಲೆ ಸಾಯುವವರೆಗೂ ನನ್ನೆದುರು ಅದನ್ನು ರಾಜ ಎಂದೇ ಕರೆದಿರಿ.

ಇವತ್ತು ಪಾಠ ಮುಗಿದ ಮೇಲೆ ಸ್ವರ್ಣಲತಾ ಎಂಬ ಹುಡುಗಿ ಕೇಳಿದಳು: "ಅದು ಹೆಣ್ಣು ಅಂತ ನಿಮಗೆ ಮೊದಲು ಯಾರು ಹೇಳಿದ್ದು, ಟೀಚರ್?"

"ಪುಸ್ತಕದಲ್ಲಿ ಉಂಟಲ್ಲ" ಎಂದುಬಿಟ್ಟೆ, ಅಪ್ಪಾ.

ವಾರಿಜಾಕ್ಷಿ